ಆಪ್ತರು ಯಾರು, ಸಲಹೆ ಯಾರದು?

ಇಂಗ್ಲಿಷಿನ ‘ಕೌನ್ಸೆಲಿಂಗ್’ಗೆ ಕನ್ನಡವು ‘ಆಪ್ತಸಲಹೆ’ ಎಂಬ ಮಾತನ್ನು ಕಟ್ಟಿಕೊಂಡಿದೆ. ಸೊಗಸಾದ ಪದ, ಆದರೆ ಅದರೊಳಗೇ ಒಂದು ಜಗಳವಿದೆ. ಈ ವಿದ್ಯೆಯ ಹಿರಿಯರಲ್ಲೊಬ್ಬರಾದ ಅಮೆರಿಕದ ಕಾರ್ಲ್ ರೋಜರ್ಸ್ 1942 ಮತ್ತು 1951ರ ತಮ್ಮ ಪುಸ್ತಕಗಳಲ್ಲಿ ವಾದಿಸಿದ್ದು ಸಲಹೆಯ ವಿರುದ್ಧವೇ. ಬಂದವರ ಮಾತನ್ನು ಮನಸಾರೆ ಕೇಳಿ, ದಾರಿಯನ್ನು ಅವರೇ ಕಂಡುಕೊಳ್ಳುತ್ತಾರೆ ಎಂಬುದು ಅವರ ನಂಬಿಕೆ. ನಮ್ಮ ಪದವಾದರೋ ಸಲಹೆಯನ್ನೂ ಬಯಸುತ್ತದೆ, ಅದನ್ನು ಕೊಡುವವರು ಆಪ್ತರಾಗಿರಲಿ ಎಂದೂ ಬಯಸುತ್ತದೆ. ರೋಜರ್ಸರನ್ನು ಓದಿ ಬಂದ ಸಲಹೆಗಾರ್ತಿಯ ಎದುರು ಕೂತ ತಾಯಿ, “ನನಗೇನು ಗೊತ್ತಾಗತ್ತೆ, ನೀವೇ ಒಂದು ದಾರಿ ತೋರಿಸಿ ಅಮ್ಮ” ಎಂದರೆ ಆಕೆ ಏನು ಮಾಡಬೇಕು?

ಇಂಥ ಪ್ರಶ್ನೆಗೆ ಭಾರತದಿಂದ ಬಂದ ಹೆಸರಾಂತ ಉತ್ತರ ಜೆ. ಎಸ್. ನೇಕಿ ಅವರದು. ಮನೋವೈದ್ಯರೂ ಪಂಜಾಬಿ ಕವಿಯೂ ಆಗಿದ್ದ ಅವರು 1973ರ ಪ್ರಬಂಧವೊಂದರಲ್ಲಿ ಗುರು–ಶಿಷ್ಯ ಸಂಬಂಧವನ್ನೇ ಚಿಕಿತ್ಸೆಗೆ ಮಾದರಿಯಾಗಿ ಮುಂದಿಟ್ಟರು. ಪಶ್ಚಿಮದವರು ದೌರ್ಬಲ್ಯವೆಂದು ಕಾಣುವ ಅವಲಂಬನೆ ನಮ್ಮಲ್ಲಿ ಸಂಬಂಧದ ಸಹಜ ರೂಪ. ಅದನ್ನು ಹಳಿಯುವ ಬದಲು ಬಳಸಿಕೊಳ್ಳಬಾರದೇಕೆ ಎಂಬುದು ವಾದದ ಸಾರ. ಎರವಲು ಸಿದ್ಧಾಂತಕ್ಕೆ ತಲೆಬಾಗದ ಈ ಧೈರ್ಯ ಮೆಚ್ಚತಕ್ಕದ್ದೇ.

ಆದರೆ ಇಲ್ಲಿ ನನಗೊಂದು ತಕರಾರಿದೆ. ಗುರುವಿನ ಹೆಸರು ಕೇಳಿದೊಡನೆ ಎಲ್ಲರಿಗೂ ಒಂದೇ ನೆನಪು ಬರುವುದಿಲ್ಲ. ಒಬ್ಬನಿಗೆ ಅದು ತಲೆ ಸವರಿದ ಕೈ. ಇನ್ನೊಬ್ಬನಿಗೆ ಏಕಲವ್ಯನ ಹೆಬ್ಬೆರಳು. ಶತಮಾನಗಳಿಂದ ಪಾಠಶಾಲೆಯ ಹೊರಗೆ ನಿಂತವರ ಮಗ, ಅಣ್ಣ ಗಂಡ ಮಾವ ಎಲ್ಲರಿಂದಲೂ ಉಪದೇಶವನ್ನಷ್ಟೇ ಪಡೆದ ಹೆಣ್ಣು, ಇವರ ಮುಂದೆ ಮತ್ತೊಬ್ಬ ಗುರುವನ್ನು ಕೂರಿಸುವುದು ಉಪಚಾರವಾದೀತೆ? ‘ಭಾರತೀಯ ಮನಸ್ಸು’ ಎಂದು ನಾವು ಹೇಳುವಾಗ ಅದು ಯಾರ ಮನಸ್ಸು ಎಂದು ಕೇಳಲೇಬೇಕು.

ಈ ಪ್ರಶ್ನೆಗೆ ನೆರವಾಗುವ ಪುಸ್ತಕವೊಂದು ನಮ್ಮ ಕರಾವಳಿಯ ಬಗ್ಗೆಯೇ ಇದೆ. ಶಿವರಾಮ ಕಾರಂತರ ಹುಟ್ಟೂರಾದ ಕೋಟದಲ್ಲಿ ಮೋರಿಸ್ ಕಾರ್‌ಸ್ಟೇರ್ಸ್ ಮತ್ತು ರವಿ ಕಪೂರ್ ನಡೆಸಿದ ಅಧ್ಯಯನ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಹೆಸರಿನಲ್ಲಿ 1976ರಲ್ಲಿ ಹೊರಬಂತು. ಅವರು ‘ಹಳ್ಳಿಗರು’ ಎಂಬ ಒಂದೇ ಗಂಟು ಕಟ್ಟಲಿಲ್ಲ. ಬ್ರಾಹ್ಮಣರು, ಬಂಟರು, ಮೊಗವೀರರು ಎಂದು ಮೂರು ಸಮುದಾಯಗಳನ್ನು ಬೇರೆಬೇರೆಯಾಗಿಯೇ ನೋಡಿದರು. ಒಂದೆಡೆ ತಂದೆಯಿಂದ ಮಗನಿಗೆ ಇಳಿಯುವ ಮನೆತನ, ಉಳಿದೆರಡರಲ್ಲಿ ಅಳಿಯಸಂತಾನ. ಒಂದೇ ಊರು, ಒಂದೇ ಮಳೆ. ಆದರೆ ಮನೆಯೊಳಗೆ ಹೆಣ್ಣಿಗಿರುವ ನೆಲೆ ಬೇರೆ, ಸೋದರಮಾವನ ತೂಕ ಬೇರೆ. ಹಾಗಾದಾಗ ದುಃಖದ ಕಾರಣವೂ ಒಂದೇ ಆಗಿರಬೇಕಿಲ್ಲ. ಜನ ವೈದ್ಯ, ಮಂತ್ರವಾದಿ, ಪಾತ್ರಿ, ಡಾಕ್ಟರು ಎಲ್ಲರ ಬಳಿಗೂ ಹೋಗುತ್ತಿದ್ದುದನ್ನು ಕಪೂರರು ಗೇಲಿ ಮಾಡದೆ ದಾಖಲಿಸಿದರು.

ಈ ಪುಸ್ತಕಕ್ಕೂ ಮಿತಿಯಿದೆ. ಅದು ಮುಖ್ಯವಾಗಿ ಎಣಿಕೆಯ ಪುಸ್ತಕ. ಪ್ರಶ್ನಾವಳಿಗೆ ಉತ್ತರ ಸಿಗುತ್ತದೆ. ಮನೆಮಂದಿಯ ಎದುರು ನುಂಗಿಕೊಂಡ ಮಾತು ಸಿಗುವುದು ಕಷ್ಟ. ನಮ್ಮ ಭಾಷೆಯಲ್ಲಿ ‘ಸಂಕಟ’ ಹೊಟ್ಟೆಗೂ ಬರುತ್ತದೆ, ಮನಸ್ಸಿಗೂ ಬರುತ್ತದೆ. “ಎದೆ ಭಾರ”, “ಕೈಕಾಲಲ್ಲಿ ಶಕ್ತಿಯಿಲ್ಲ” ಎಂದವಳು ಬರೀ ದೇಹದ ವಿಷಯ ಹೇಳುತ್ತಿದ್ದಾಳೆಂದು ಬರೆದುಕೊಂಡರೆ ಅರ್ಧ ಕತೆ ಅಲ್ಲೇ ಉಳಿಯಿತು.

ಅಮೆರಿಕದ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ 1978ರಲ್ಲಿ ಸಂಗಡಿಗರೊಡನೆ ಸೂಚಿಸಿದ ಪ್ರಶ್ನೆಗಳು ಸರಳ: ನಿಮ್ಮ ತೊಂದರೆಗೆ ನೀವು ಏನೆಂದು ಕರೆಯುತ್ತೀರಿ, ಯಾಕೆ ಬಂತೆನ್ನುತ್ತೀರಿ, ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಯಾವುದರದು? ಅವರೇ 2006ರಲ್ಲಿ ಎಚ್ಚರಿಸಿದ್ದು ಇನ್ನೂ ಮುಖ್ಯ: ಸಂಸ್ಕೃತಿಯನ್ನು ಇಂಥ ಜನ ಹೀಗೆ ಎಂಬ ಪಟ್ಟಿಯಾಗಿ ಕಲಿಸಿದರೆ ಅದು ಪೂರ್ವಗ್ರಹವೇ ಆಗುತ್ತದೆ. ಹೊಡೆತ ತಿಂದು ಬಂದವಳಿಗೆ “ಅವರಲ್ಲಿ ಅದು ಪದ್ಧತಿ” ಎಂದು ಸುಮ್ಮನಾಗುವ ಸಲಹೆಗಾರ ಸಂಸ್ಕೃತಿಗೆ ಗೌರವ ಕೊಡುತ್ತಿಲ್ಲ; ಅವಳ ಕೈ ಬಿಡುತ್ತಿದ್ದಾನೆ.

ಲಂಬಾಣಿಯೋ ಕೊಂಕಣಿಯೋ ಉರ್ದುವೋ ಮಾತ್ರ ಬಲ್ಲ ಹೆಂಡತಿಯ ನೋವನ್ನು ಗಂಡನೇ ಕನ್ನಡಕ್ಕೆ ತಂದು ಹೇಳುವಾಗ ಆ ಕೋಣೆಯಲ್ಲಿ ಆಪ್ತರು ಯಾರು? ಸಿದ್ಧಾಂತದ ಚರ್ಚೆ ಆಮೇಲೆ ನಡೆಯಲಿ. ಮೊದಲು ಮನೆಯವರಲ್ಲದ, ಅವಳ ಮಾತು ಬಲ್ಲ ಒಬ್ಬರನ್ನು ಪಕ್ಕಕ್ಕೆ ಕೂರಿಸಿ, ಗಂಡನನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಬೇಕು.