ಹೋಗುವ ಗೊಬ್ಬರ, ಬರುವ ಇಟ್ಟಿಗೆ

ಹಿತ್ತಲಲ್ಲಿ ನಾಲ್ಕು ಬದನೆ ಗಿಡ, ಎರಡು ಹೀರೆ ಬಳ್ಳಿ ಬೆಳೆಸಬೇಕೆನ್ನುವವರಿಗೆ ಈಗ ಎಲ್ಲ ಕಡೆಯಿಂದ ಬರುವ ಸಲಹೆ ಒಂದೇ: ಒಂದು ಪಾಲು ಮಣ್ಣು, ಒಂದು ಪಾಲು ಕೋಕೋಪೀಟ್, ಒಂದು ಪಾಲು ಎರೆಗೊಬ್ಬರ. ಬೆಂಗಳೂರಿನ ತಾರಸಿ ಕುಂಡಗಳಿಗೆ ಹೊಂದಿಸಿದ ಈ ಅಳತೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರಿನ ನೆಲದ ತೋಟಕ್ಕೂ ಬಂದು ಕೂತಿದೆ. ಹೇಳುವವರ ಮನಸ್ಸು ಒಳ್ಳೆಯದೇ. ರಾಸಾಯನಿಕ ಬೇಡ, ಮಣ್ಣು ಹಗುರಾಗಲಿ, ನೀರು ಹಿಡಿಯಲಿ ಎಂಬ ಆಸೆ ಅವರದು. ಆದರೆ ಈ ಸಲಹೆಯ ಬುಡದಲ್ಲಿ ಒಂದು ತೀರ್ಮಾನವಿದೆ. ಇಲ್ಲಿನ ಕೆಂಪು ನೆಲಕ್ಕೆ ಸ್ವಂತ ಸತ್ವ ಇಲ್ಲ, ಅದನ್ನು ಹೊರಗಿನಿಂದ ಕೊಂಡು ತರಬೇಕು ಎಂಬುದು. ಆ ತೀರ್ಮಾನ ತಪ್ಪು ಎಂಬುದು ನನ್ನ ವಾದ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದಾಗ ನವಶಿಲಾಯುಗದ ನೆಲೆ ಸಿಕ್ಕಿತು. ಅಲ್ಲಿನ ಅಶೋಕನ ಶಾಸನಗಳಿಗಿಂತ ಬಹಳ ಹಿಂದೆಯೇ ಈ ಬಂಡೆಗಳ ಬುಡದಲ್ಲಿ ಜನ ದನ ಕಟ್ಟಿ, ಬೆಳೆ ತೆಗೆದು ಬದುಕಿದ್ದರು. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸಿನ ಮಳೆಯನ್ನು ನಂಬಿ ಇಷ್ಟು ತಲೆಮಾರು ಉಂಡಿರುವ ನೆಲವನ್ನು ಸತ್ತ ಮಣ್ಣು ಎಂದು ಕರೆಯುವುದು ಅವಸರದ ಮಾತು. ಅದರಲ್ಲಿ ಸಾವಯವ ಅಂಶ ಕಡಿಮೆ ಎನ್ನುವುದು ನಿಜ. ಯಾಕೆ ಕಡಿಮೆಯಾಯಿತು ಎಂದು ಕೇಳಿದರೆ ಮಾತ್ರ ಉತ್ತರ ಬೇರೆಯೇ ದಾರಿ ಹಿಡಿಯುತ್ತದೆ.

ಮೊದಲು ಕೋಕೋಪೀಟ್‌ನ ವಿಚಾರ. ಅದರ ಕೀರ್ತಿ ಹುಟ್ಟಿದ್ದು ಬೇರೆ ಹವೆಯಲ್ಲಿ. ಯುರೋಪಿನ ಚಳಿ ಜೌಗುಗಳಲ್ಲಿ ಪಾಚಿ ಸಾವಿರಾರು ವರ್ಷ ಅರೆಕೊಳೆತು ಪದರ ಕಟ್ಟಿದ್ದೇ ಪೀಟ್. ಅದು ಬೆಳೆಯುವುದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್. ಪ್ರಪಂಚದ ಭೂಭಾಗದ ಶೇ 3ರಷ್ಟು ಜಾಗದಲ್ಲಿರುವ ಇಂಥ ಜೌಗುಗಳು ಪ್ರಪಂಚದ ಕಾಡುಗಳ ಮರಗಳೆಲ್ಲ ಸೇರಿ ಹಿಡಿದಿಟ್ಟದ್ದಕ್ಕಿಂತ ಹೆಚ್ಚು ಇಂಗಾಲವನ್ನು ಹಿಡಿದಿವೆ. ಕುಂಡದ ಗಿಡಕ್ಕೆಂದು ಅದನ್ನು ಅಗೆಯಬಾರದೆಂದು ಅಲ್ಲಿನ ಪರಿಸರದವರು ದಶಕಗಳಿಂದ ಹೋರಾಡುತ್ತಿದ್ದಾರೆ. 2024ರೊಳಗೆ ಮನೆ ತೋಟಗಾರರಿಗೆ ಪೀಟ್ ಮಾರುವುದನ್ನು ನಿಲ್ಲಿಸುವುದಾಗಿ ಬ್ರಿಟನ್ ಸರ್ಕಾರ 2022ರಲ್ಲಿ ಘೋಷಿಸಿತು. ಆ ಗಡುವಿಗೆ ಕಾನೂನು ಬರಲಿಲ್ಲ, ಆದರೂ ಬದಲಿಯ ಹುಡುಕಾಟ ನಡೆದೇ ಇದೆ. ಹಾಗೆ ಬೇಡಿಕೆ ಬಂದು ಭಾರತ, ಶ್ರೀಲಂಕಾದ ತೆಂಗಿನ ನಾರಿನ ಪುಡಿ ಹಡಗು ಹತ್ತಿತು. ಅದೇ ಪುಡಿ ಒತ್ತಿದ ಇಟ್ಟಿಗೆಯಾಗಿ ನಮ್ಮ ಅಂಗಡಿಗಳಲ್ಲೂ ನೆಲೆಯಾಯಿತು.

ನಾವು ಎಂದೂ ಪೀಟ್ ಬಳಸಿದವರಲ್ಲ. ಅವರ ತಪ್ಪಿಗೆ ಅವರು ಕಂಡುಕೊಂಡ ಪರಿಹಾರವನ್ನು ನಾವು ಪರಿಸರಸ್ನೇಹಿ ಎಂದು ಎತ್ತಿಕೊಳ್ಳುವಾಗ, ಅದು ಇಲ್ಲಿ ಯಾವ ಕೇಡನ್ನು ತಪ್ಪಿಸುತ್ತದೆ ಎಂದು ಕೇಳಬೇಕಿತ್ತು. ಅದೇ ಇಂಗ್ಲೆಂಡಿನ ಕಂಬ್ರಿಯಾ ಸೀಮೆಯಲ್ಲಿ ಇನ್ನೊಂದು ದಾರಿ ಹಿಡಿದವರಿದ್ದಾರೆ. ತಮ್ಮ ಗುಡ್ಡದಲ್ಲಿ ತಾನಾಗಿ ಬೆಳೆಯುವ ಜರಿಗಿಡ ಮತ್ತು ತಮ್ಮ ಕುರಿಗಳ ಉಣ್ಣೆ, ಎರಡನ್ನೂ ಕೊಳೆಸಿ ಪೀಟ್ ಇಲ್ಲದ ಗೊಬ್ಬರ ಮಾಡುತ್ತಾರೆ. ಕಲಿಯಬೇಕಾದ ಪಾಠ ಅಲ್ಲಿತ್ತು. ಕಂಬಳಿಗೆ ಹೆಸರಾದ ಚಳ್ಳಕೆರೆಯಲ್ಲಿ ಕುರಿ ಕತ್ತರಿಸಿದಾಗ ಕಂಬಳಿಗೆ ಬಾರದ ಗಿಡ್ಡ, ಕೊಳಕು ಉಣ್ಣೆಗೆ ಬೆಲೆಯೇ ಇಲ್ಲ. ಉಣ್ಣೆಯಲ್ಲಿ ಸಾರಜನಕ ಶೇ 10ರ ಆಸುಪಾಸು. ಅದು ನೀರು ಹಿಡಿಯುತ್ತದೆ, ತಿಂಗಳುಗಟ್ಟಲೆ ನಿಧಾನವಾಗಿ ಕರಗಿ ಬೇರಿಗೆ ಸಿಗುತ್ತದೆ. ಬದನೆ ಗಿಡದ ಪಾತಿಯಲ್ಲಿ ಗೇಣುದ್ದ ಆಳಕ್ಕೆ ಒಂದು ಹಿಡಿ ಉಣ್ಣೆ ಹೂತು ಮೇಲೆ ಮಣ್ಣು ಎಳೆಯಲು ದುಡ್ಡು ಬೇಕಿಲ್ಲ.

ಕೋಕೋಪೀಟ್‌ಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ಸಸಿ ಬೆಳೆಸುವ ತಟ್ಟೆಗಳಿಗೆ ಅದಕ್ಕಿಂತ ಅನುಕೂಲದ್ದು ಸಿಗುವುದು ಕಷ್ಟ, ಟೊಮೆಟೊ, ಮೆಣಸಿನ ಸಸಿ ಮಾರುವವರು ಅದನ್ನು ಬಿಡಬೇಕಿಲ್ಲ. ನಮ್ಮ ಜಿಲ್ಲೆಯದೇ ಆದ ಹೊಸದುರ್ಗದ ಕಡೆ ತೆಂಗು ಬೆಳೆಯುವವರಿಗೆ ಅದು ಮನೆಯ ಸರಕು. ನನ್ನ ತಕರಾರು ಅದನ್ನು ಬಯಲು ನೆಲಕ್ಕೆ ಬೆರೆಸುವುದರ ಮೇಲೆ. ನಾರಿನ ಪುಡಿಯಲ್ಲಿ ಸಾರಜನಕದ ಒಂದು ಪಾಲಿಗೆ ಇಂಗಾಲ ನೂರು ಪಾಲಿಗೂ ಮಿಕ್ಕಿ ಇರುತ್ತದೆ. ಹಸಿಯಾಗಿ ಮಣ್ಣಿಗೆ ಸೇರಿದರೆ ಅದನ್ನು ಅರಗಿಸಲು ಸೂಕ್ಷ್ಮಜೀವಿಗಳು ಗಿಡಕ್ಕೆ ಸಿಗಬೇಕಾದ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಎಲೆ ಹಳದಿಗೆ ತಿರುಗುತ್ತದೆ. ಸರಿಯಾಗಿ ತೊಳೆಯದ ಪುಡಿಯಲ್ಲಿ ಉಪ್ಪು ಉಳಿದಿರುತ್ತದೆ. ತೊಳೆಯಲು ಸಿಹಿನೀರು ಧಾರಾಳವಾಗಿ ಬೇಕು, ಉಪ್ಪು ಬಿಡಿಸಲು ಹಲವು ಕಡೆ ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ನೆನೆಸುತ್ತಾರೆ. ಕೊಳವೆಬಾವಿಯ ಗಡಸು ನೀರನ್ನೇ ಹನಿಸುವ ಹಿತ್ತಲಿಗೆ ಉಪ್ಪಿನ ಇನ್ನೊಂದು ಮೂಲವನ್ನು ಹಣ ಕೊಟ್ಟು ತರುವುದು ಬುದ್ಧಿವಂತಿಕೆಯಲ್ಲ.

ಇತ್ತ ಇಟ್ಟಿಗೆ ಬರುತ್ತಿರುವಾಗ ಅತ್ತ ಏನು ಹೋಗುತ್ತಿದೆ? ಈ ಎರಡು ತಾಲ್ಲೂಕುಗಳ ಕುರಿಗೊಬ್ಬರ ಲಾರಿ ಹತ್ತಿ ಮಲೆನಾಡಿನ ಅಡಿಕೆ, ಕಾಫಿ ತೋಟ ಸೇರುತ್ತದೆ. ಕೃಷಿ ಕೈಪಿಡಿಗಳ ಲೆಕ್ಕದಲ್ಲಿ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇ 0.5ರಷ್ಟಾದರೆ ಕುರಿ, ಮೇಕೆ ಗೊಬ್ಬರದಲ್ಲಿ ಶೇ 3ರಷ್ಟು. ಮಲೆನಾಡಿನವರಿಗೆ ಅದರ ಬೆಲೆ ಗೊತ್ತು. ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯಲ್ಲಿ ಶೇಂಗಾ ಕಾಯಿ ಸುಲಿದರೆ ಕ್ವಿಂಟಲ್‌ಗೆ 25ರಿಂದ 30 ಕಿಲೋ ಸಿಪ್ಪೆ ಬರುತ್ತದೆ, ಅದು ಬಹುಪಾಲು ಒಲೆ, ಬಾಯ್ಲರ್‌ಗಳ ಉರುವಲು. ಮೊಳಕಾಲ್ಮೂರಿನ ಕಡೆ ಹುಳು ಸಾಕುವ ಮನೆಗಳಲ್ಲಿ ಹಿಪ್ಪುನೇರಳೆ ಕಡ್ಡಿ, ಹುಳದ ಹಿಕ್ಕೆ ಇದೆ. ಹೊಂಗೆ, ಬೇವಿನ ಹಿಂಡಿ ಇದೆ. ಮಣ್ಣಿನಿಂದ ಬಂದದ್ದು ಮಣ್ಣಿಗೆ ಮರಳುವ ದಾರಿಗಳು ಒಂದೊಂದಾಗಿ ಮುಚ್ಚಿದವು, ನೆಲ ಬಡವಾಯಿತು. ನೆಲದ ಬಡತನ ಹುಟ್ಟುಗುಣ ಎಂದು ನಂಬಿಸಿದ್ದು ಆಮೇಲೆ.

ಕುರಿಮಂದೆಯನ್ನು ಹೊಲದಲ್ಲಿ ತರುಬುವುದು ಇಲ್ಲಿನ ಹಳೆಯ ಪದ್ಧತಿ. ಮಂದೆ ರಾತ್ರಿ ಮಲಗಿದ ಜಾಗಕ್ಕೆ ಹಿಕ್ಕೆಯ ಜೊತೆ ಮೂತ್ರವೂ ಸೇರುತ್ತದೆ, ಕುರಿ ಹೊರಹಾಕುವ ಸಾರಜನಕದ ಅರ್ಧದಷ್ಟು ಮೂತ್ರದಲ್ಲೇ ಇರುತ್ತದೆ. ಹಟ್ಟಿಯಲ್ಲಿ ಗುಡಿಸಿ ಚೀಲ ತುಂಬಿದ ಗೊಬ್ಬರದಲ್ಲಿ ಆ ಪಾಲು ನಷ್ಟ. ಊರಂಚಿನ ಹಿತ್ತಲು, ಖಾಲಿ ನಿವೇಶನಗಳಲ್ಲಿ ಬೇಸಿಗೆಯಲ್ಲಿ ಕೆಲವು ರಾತ್ರಿ ಮಂದೆ ಬಿಡಿಸಿಕೊಳ್ಳಲು ಏನೂ ಅಡ್ಡಿಯಿಲ್ಲ. ಬೆಳಿಗ್ಗೆಯೇ ತೆಳುವಾಗಿ ಮಣ್ಣು ಕೆದರಬೇಕು, ಇಲ್ಲವಾದರೆ ಬಿಸಿಲಿಗೆ ಅಮೋನಿಯಾ ಹಾರಿಹೋಗುತ್ತದೆ.

ಈಗ ಮಡಿಯ ಮಾತು. ತೋಟದ ಪುಸ್ತಕಗಳೆಲ್ಲ ಏರುಮಡಿಯನ್ನು ಹೊಗಳುತ್ತವೆ. ಏರುಮಡಿ ಹುಟ್ಟಿದ್ದು ನೀರು ನಿಂತು ಬೇರು ಕೊಳೆಯುವ ನಾಡುಗಳಲ್ಲಿ. ಬಿದ್ದ ಹನಿಯನ್ನು ಹಿಡಿಯಬೇಕಾದಲ್ಲಿ ಮಡಿ ಎತ್ತರಿಸಿದರೆ ನೀರು ಇಳಿದುಹೋಗುತ್ತದೆ, ನಾಲ್ಕೂ ಬದಿಯಿಂದ ಗಾಳಿ ಹೊಡೆದು ಮಣ್ಣು ಆರುತ್ತದೆ. ಇಲ್ಲಿಗೆ ಬೇಕಾದದ್ದು ತಗ್ಗುಮಡಿ, ನಮ್ಮ ಹಿರಿಯರ ಪಾತಿ. ಬುರ್ಕಿನಾ ಫಾಸೊ ದೇಶದ ರೈತ ಯಾಕೂಬಾ ಸವಾಡೊಗೊ ಇದನ್ನೇ ದೊಡ್ಡದಾಗಿ ಮಾಡಿ ತೋರಿಸಿದರು. ಬೇಸಿಗೆಯಲ್ಲೇ ಗುಂಡಿ ತೋಡಿ, ಗೊಬ್ಬರ ತುಂಬಿ ಬಿಡುತ್ತಿದ್ದರು. ಗೊಬ್ಬರಕ್ಕೆ ಗೆದ್ದಲು ಬಂದು ಗಟ್ಟಿ ನೆಲದಲ್ಲಿ ಬಿಲ ಕೊರೆಯುತ್ತಿತ್ತು, ಮಳೆ ಬಂದಾಗ ನೀರು ಆ ಬಿಲಗಳಲ್ಲಿ ಇಳಿಯುತ್ತಿತ್ತು. ಗೆದ್ದಲು ಕಂಡ ಕೂಡಲೇ ಔಷಧಿ ಹುಡುಕುವ ನಮಗೆ ಈ ಅನುಭವ ತಿಳಿದಿರಬೇಕು. ಮರಳುಗಾಡಾಗುತ್ತಿದ್ದ ನೆಲದಲ್ಲಿ ಕಾಡು ಎಬ್ಬಿಸಿದ ಅವರಿಗೆ 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು, 2023ರಲ್ಲಿ ಅವರು ತೀರಿಕೊಂಡರು.

ಇನ್ನು ಹೊದಿಕೆ. ಇಲ್ಲಿ ನಾನು ಸಾವಯವದ ಗೆಳೆಯರೊಂದಿಗೇ ಜಗಳಕ್ಕೆ ನಿಲ್ಲಬೇಕಾಗಿದೆ. ನೈಸರ್ಗಿಕ ಕೃಷಿಯ ಪ್ರಚಾರಕ ಸುಭಾಷ್ ಪಾಳೇಕರ್ ಅವರ ಮಾತು ಕರ್ನಾಟಕದಲ್ಲಿ ಹರಡಿದ ಮೇಲೆ ನೆಲವನ್ನು ಬರಿದಾಗಿ ಬಿಡಲೇಬಾರದು, ಬೆಳೆಯ ಉಳಿಕೆಯನ್ನೆಲ್ಲ ಹೊಲಕ್ಕೇ ಹಾಸಬೇಕು ಎಂಬುದು ಪ್ರಶ್ನಿಸಲಾಗದ ಸೂತ್ರವಾಗಿದೆ. ಚಳ್ಳಕೆರೆಯ ರೈತ ಶೇಂಗಾ ಹೊಟ್ಟನ್ನು ನೆಲಕ್ಕೆ ಹಾಸಲಾರ. ಅದು ಮುಂದಿನ ಬೇಸಿಗೆಗೆ ಎತ್ತಿನ ಬಾಯಿಗೆ ಹೋಗಬೇಕಾದ ಮೇವು, ಬಣವೆಯಲ್ಲಿ ಕಾದಿಟ್ಟ ಆಸ್ತಿ. ಅದನ್ನು ಮೊದಲು ದನ, ಕುರಿ ತಿನ್ನಲಿ, ಮಣ್ಣಿಗೆ ಹಿಕ್ಕೆಯಾಗಿ ಬರಲಿ. ದನ ಮುಟ್ಟದ್ದು ಮಾತ್ರ ಹೊದಿಕೆಗೆ: ಹೊಂಗೆ ಎಲೆ, ಎಕ್ಕ, ಲಕ್ಕಿ, ಶೇಂಗಾ ಸಿಪ್ಪೆ.

ಹೊದಿಸುವ ಕಾಲವೂ ಮುಖ್ಯ. ಈ ಸೀಮೆಗೆ ಮುಂಗಾರು ಎಂದರೆ ಹೆಚ್ಚಾಗಿ ಗಾಳಿ, ನಡುನಡುವೆ ತುಂತುರು. ಆರಿದ್ರಾ, ಪುನರ್ವಸು, ಪುಷ್ಯಗಳಲ್ಲಿ ಐದಾರು ಮಿಲಿಮೀಟರ್ ಉದುರಿ ಹೋಗುವ ಮಳೆಗೆ ನಾಲ್ಕು ಬೆರಳು ದಪ್ಪದ ಒಣ ಹೊದಿಕೆ ಅಡ್ಡ ನಿಂತರೆ ನೀರು ಅದರಲ್ಲೇ ಉಳಿದು, ಮರುದಿನದ ಗಾಳಿಗೆ ಆರಿಹೋಗುತ್ತದೆ. ಬೇರಿಗೆ ಹನಿಯೂ ತಲುಪುವುದಿಲ್ಲ. ಸಿಪ್ಪೆಯಂಥ ಹಗುರ ವಸ್ತು ಆಷಾಢದ ಗಾಳಿಗೆ ಪಕ್ಕದ ಮನೆ ಸೇರುತ್ತದೆ. ಆ ತಿಂಗಳುಗಳಲ್ಲಿ ನೆಲ ತೆರೆದಿರಲಿ, ಪ್ರತಿ ಮಳೆಯ ನಂತರ ಮೇಲ್ಮಣ್ಣನ್ನು ಕುಂಟೆ, ಕುರ್ಚಿಗೆಯಿಂದ ಸಡಿಲಿಸಿದರೆ ಆ ಸಡಿಲ ಪದರವೇ ಹೊದಿಕೆ. ರೈತರು ಎಡೆಕುಂಟೆ ಹೊಡೆಯುವುದು ಕಳೆಗಾಗಿ ಮಾತ್ರವಲ್ಲ. ಇಲ್ಲಿ ದೊಡ್ಡ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಉತ್ತರೆ, ಹಸ್ತ, ಚಿತ್ತೆಯಲ್ಲಿ. ಆಗ ಪಾತಿ ತುಂಬ ಕುಡಿಯಲಿ. ಚಿತ್ತೆ ಕಳೆದ ಮೇಲೆ, ನೆಲದಲ್ಲಿ ತೇವ ಇರುವಾಗಲೇ ದಪ್ಪಗೆ ಹೊದಿಸಿದರೆ ಸಂಕ್ರಾಂತಿ ದಾಟುವವರೆಗೆ ಅವರೆ, ಬದನೆ, ಮೆಣಸಿನ ಗಿಡಗಳಿಗೆ ಕೊಡುವ ನೀರು ಗಣನೀಯವಾಗಿ ಉಳಿಯುತ್ತದೆ. ಮೊಳಕಾಲ್ಮೂರಿನ ಗುಡ್ಡದ ಬದಿಯಲ್ಲಿ ಸಿಗುವ ಬೆಣಚುಗಲ್ಲನ್ನೂ ಮರೆಯಬಾರದು. ಕರಿಬೇವು, ನುಗ್ಗೆ, ದಾಳಿಂಬೆಯ ಬುಡಕ್ಕೆ ಕಲ್ಲು ಹರವಿದರೆ ಗಾಳಿ ಒಯ್ಯದು, ಗೆದ್ದಲು ತಿನ್ನದು, ಮಳೆ ನೀರನ್ನು ತಾನು ಕುಡಿಯದೆ ಕೆಳಗೆ ಬಿಡುತ್ತದೆ. ಕಲ್ಲು ಆರಿಸಿ ಎಸೆಯುವುದೇ ಜಮೀನು ಹಸನು ಮಾಡುವುದು ಎಂದು ತಿಳಿದವರು ಇದನ್ನು ಒಮ್ಮೆ ಮಾಡಿ ನೋಡಬೇಕು.

ಮರಳು ಮಣ್ಣಿಗೆ ನೀರು ಹಿಡಿಯುವ ಗುಣ ತರಬೇಕಾದರೆ ಕೆರೆ ಗೋಡಿಗಿಂತ ಬಾಳಿಕೆಯದು ಇಲ್ಲ. ಗೋಡಿನಲ್ಲಿರುವ ಜೇಡಿ ನೆಲದಲ್ಲೇ ಉಳಿಯುತ್ತದೆ, ಕೋಕೋಪೀಟ್‌ನಂತೆ ಸವೆದು ಮತ್ತೆ ಕೊಳ್ಳುವ ಹಾಗೆ ಮಾಡುವುದಿಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯನ್ನು ಜನ ಇಂದಿಗೂ ಕೆರೆ ಕಟ್ಟಿಸಿದವರೆಂದು ನೆನೆಯುತ್ತಾರೆ. ಆ ಕೆರೆಗಳ ಹೂಳು ಇಟ್ಟಿಗೆ ಗೂಡಿಗೆ ಹೋಗುವುದಕ್ಕಿಂತ ಹೊಲ, ಹಿತ್ತಲಿಗೆ ಬರುವುದು ಮೇಲು. ಬೇಸಿಗೆಯಲ್ಲಿ ತಂದು ಗುಡ್ಡೆ ಹಾಕಿ, ಬಿಸಿಲಿಗೆ ಒಡೆಯಲು ಬಿಟ್ಟು, ತೆಳುವಾಗಿ ಹರವಿ ಬೆರೆಸಬೇಕು. ಬಿಳಿ ಉಪ್ಪು ಮೇಲೆದ್ದ ಅಂಚಿನ ಗೋಡನ್ನು ಮುಟ್ಟಬಾರದು.

ಇಷ್ಟಕ್ಕೆ ಬರುವ ಆಕ್ಷೇಪ ನನಗೆ ಗೊತ್ತು. ಕುರಿಗೊಬ್ಬರದಲ್ಲಿ ಕಳೆ ಬೀಜ, ಜಾಲಿ ಬೀಜ ಬರುತ್ತದೆ, ಹಸಿ ಗೊಬ್ಬರ ಗಿಡ ಸುಡುತ್ತದೆ, ಪೇಟೆಯವರಿಗೆ ಇದೆಲ್ಲ ರಗಳೆ. ನಿಜ. ಶೇಂಗಾ ಸಿಪ್ಪೆಯಲ್ಲೂ ಬುಡಕೊಳೆ ರೋಗದ ಶಿಲೀಂಧ್ರ ಇರಬಹುದು, ಶೇಂಗಾ ಬೆಳೆಯುವ ಜಾಗಕ್ಕೆ ಹಸಿಯಾಗಿ ಹಾಕಬಾರದು. ಸಿಪ್ಪೆ, ಕುರಿ ಹಿಕ್ಕೆ, ಒಂದಿಷ್ಟು ಗೋಡು ಪದರ ಪದರವಾಗಿ ಗುಂಡಿಗೆ ತುಂಬಿ, ಬಚ್ಚಲ ನೀರು ಹಾಯಿಸಿ, ನಡುವೆ ಎರಡು ಸಲ ತಿರುವಿ ಹಾಕಿದರೆ ಒಳಗಿನ ಕಾವಿಗೆ ಇವುಗಳಲ್ಲಿ ಹೆಚ್ಚಿನವು ಸಾಯುತ್ತವೆ. ಯುಗಾದಿಗೆ ತುಂಬಿದ ಗುಂಡಿ ಹಸ್ತ ಮಳೆಯ ಬಿತ್ತನೆಗೆ ಸಿದ್ಧ. ಇದನ್ನೆಲ್ಲ ಪರೀಕ್ಷಿಸಿ ನೋಡಲು ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಬೇಡದ ಉಣ್ಣೆ, ಸಿಪ್ಪೆ, ಕುರಿಗೊಬ್ಬರ ಬೆರೆಸಿದ ತಗ್ಗುಮಡಿಯನ್ನೂ ಕೋಕೋಪೀಟ್ ಏರುಮಡಿಯನ್ನೂ ಒಂದೇ ಹಂಗಾಮಿನಲ್ಲಿ ಅಕ್ಕಪಕ್ಕ ಬೆಳೆಸಿ, ನೀರು ಅಳೆದು ರೈತರಿಗೆ ತೋರಿಸಲು ಅಂಥ ಕೇಂದ್ರಕ್ಕೆ ದೊಡ್ಡ ಅನುದಾನ ಬೇಕಿಲ್ಲ.

ಆದರೆ ಗೊಬ್ಬರಕ್ಕೆ ಕುರಿ, ದನ ಬೇಕು, ಅವಕ್ಕೆ ಹುಲ್ಲು ಬೇಕು. ಈ ಸೀಮೆಯಲ್ಲಿ ಹುಲ್ಲು ಎಂದರೆ ಅಮೃತ್ ಮಹಲ್ ಕಾವಲುಗಳು, ಆ ತಳಿಯ ದನಗಳಿಗೆಂದು ಹಿಂದೆ ಕಾದಿಟ್ಟ ಹುಲ್ಲುಗಾವಲುಗಳು. ಕುದಾಪುರ, ಉಳ್ಳಾರ್ತಿ ಕಡೆಯ ಕಾವಲುಗಳಲ್ಲಿ ಡಿಆರ್‌ಡಿಒಗೆ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಹೋಯಿತು, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೋಗಳಿಗೂ ಪಾಲು ಸಿಕ್ಕಿತು. ಬೇಲಿಯಿಂದ ಆಚೆ ಉಳಿದ ಕುರಿಗಾರರು ಹಸಿರು ನ್ಯಾಯಮಂಡಳಿಯವರೆಗೆ ದೂರು ಒಯ್ದರು. ಮ್ಯಾಸಬೇಡರ ದೇವರ ಎತ್ತುಗಳಿಗೂ ಕಾಡುಗೊಲ್ಲರ ಕುರಿಗಳಿಗೂ ಓಡಾಡುವ ನೆಲ ಕಿರಿದಾದಂತೆ ಹೊಲಕ್ಕೆ ಬೀಳುವ ಹಿಕ್ಕೆಯೂ ಕಡಿಮೆಯಾಗುತ್ತದೆ. ಸಾವಯವ ತೋಟದ ಬಗ್ಗೆ ಮಾತಾಡುವ ಸಭೆಗಳಲ್ಲಿ ಕಾವಲಿನ ಹೆಸರೇ ಬರುವುದಿಲ್ಲ. ಎರಡೂ ತಾಲ್ಲೂಕುಗಳಲ್ಲಿ ಉಳಿದಿರುವ ಕಾವಲುಗಳ ಗಡಿ ಗುರುತಿಸಿ ಮೇವಿಗೆಂದು ಕಾಯ್ದಿರಿಸುವ ಕೆಲಸ ಇಲ್ಲಿನ ಸಾವಯವ ಯೋಜನೆಗಳ ಪಟ್ಟಿಯಲ್ಲಿ ಮೊದಲು ಬರಬೇಕು, ಎರೆಗೊಬ್ಬರದ ತೊಟ್ಟಿಗೆ ಕೊಡುವ ಸಹಾಯಧನ ಆಮೇಲೆ.