ಹಲ್ಮಿಡಿಯ ಕಲ್ಲು, ಗುಡಿಗೆರೆಯ ಹುಡುಗ

ಗೆಂಡೆಹಳ್ಳಿಯ ವಿದ್ಯಾರ್ಥಿಯೊಬ್ಬ ಪತ್ರಿಕೆಗೆ ಹಾಕಿ ಸಾರ್ ಅಂತ ಒಂದು ಪದ್ಯ ತಂದುಕೊಟ್ಟ. 2019ರ ಫೆಬ್ರವರಿ 14ರಂದು ಪುಲ್ವಾಮದಲ್ಲಿ ಸತ್ತ 40 ಮಂದಿ ಸಿಆರ್‌ಪಿಎಫ್ ಯೋಧರಲ್ಲಿ ಒಬ್ಬನಾದ, ಮದ್ದೂರು ತಾಲ್ಲೂಕು ಗುಡಿಗೆರೆಯ ಎಚ್. ಗುರುವಿನ ಮೇಲೆ ಬರೆದದ್ದು. ಹುಡುಗನ ಸಂಕಟ ನಿಜ, ಅದರಲ್ಲಿ ಅನುಮಾನವಿಲ್ಲ. ಆದರೆ ಪದ್ಯದಲ್ಲಿ ಗುರು ಎಲ್ಲೂ ಇಲ್ಲ. ತಾಯಿ ಭಾರತಿ ಇದ್ದಾಳೆ, ಸಿಂಹ ಇದೆ, ಸ್ವರ್ಗದ ಬಾಗಿಲು ತೆರೆದಿದೆ. ಹೆಸರು ಬದಲಾಯಿಸಿದರೆ ಯಾವ ಊರಿನ ಯಾವ ಸಾವಿಗಾದರೂ ಒಪ್ಪುತ್ತದೆ. ಹತ್ತೊಂಬತ್ತು ವರ್ಷದ ಹುಡುಗನ ಬಾಯಿಗೆ ಈ ಮಾತು ಹೇಗೆ ಬಂತು?

ಅದರ ಬೇರು ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ಬೇಲೂರು ತಾಲ್ಲೂಕಿನಲ್ಲೇ ಹಲ್ಮಿಡಿ ಇದೆ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ, ಸುಮಾರು ಕ್ರಿ.ಶ. 450ರ ಶಾಸನ. ಕನ್ನಡದ ಮೊದಲ ಶಾಸನ ಅಂತ ಮೇಷ್ಟ್ರುಗಳೆಲ್ಲ ಎದೆಯುಬ್ಬಿಸಿ ಪಾಠ ಮಾಡುತ್ತೇವೆ. ಅದರಲ್ಲಿ ಏನಿದೆ ಅಂತ ಎಷ್ಟು ಜನ ಹೇಳಿಕೊಟ್ಟಿದ್ದೇವೆ? ಅದು ಒಂದು ಯುದ್ಧದ ನೆನಪು. ಕೇಕಯ ಪಲ್ಲವರ ಮೇಲೆ ಗೆದ್ದುಬಂದ ವಿಜಅರಸನಿಗೆ ಕತ್ತಿ ತೊಳೆದ ಗೌರವಕ್ಕೆ, ಅಂದರೆ ಬಾಳ್ಗಳ್ಚು ಎಂದು, ಹಲ್ಮಿಡಿ ಮತ್ತು ಮೂಳಿವಳ್ಳಿ ಎರಡು ಊರುಗಳನ್ನೇ ಕೊಟ್ಟರು. ಗದ್ದೆಯ ಹತ್ತರಲ್ಲೊಂದು ಪಾಲು ಬ್ರಾಹ್ಮಣರಿಗೆ ತೆರಿಗೆಯಿಲ್ಲದೆ ಹೋಯಿತು. ಸತ್ತವರಿಗೆ? ಹೆಸರಿಲ್ಲ. ಹೆಸರಿಲ್ಲದಿದ್ದರೆ ಸುಮ್ಮನಿರಬಹುದಿತ್ತು. ಆದರೆ ಅದೇ ಶಾಸನ ಪಶುಪತಿಯೆಂಬ ಒಡೆಯನನ್ನು ಹೊಗಳುವಾಗ ಯುದ್ಧವನ್ನು ಹೋಮವೆಂದೂ, ಅದರಲ್ಲಿ ಬಿದ್ದವರನ್ನು ಬಲಿಯ ಪಶುಗಳೆಂದೂ ಕರೆಯುತ್ತದೆ. ನಮಗೆ ಸಿಕ್ಕಿರುವ ಅಷ್ಟು ಹಳೆಯ ಕನ್ನಡ ಸೈನಿಕನನ್ನು ಕಂಡದ್ದು ಹೀಗೆ. ಕತ್ತಿ ತೊಳೆದ ನೀರಿಗೂ ಅಲ್ಲಿ ಬೆಲೆ ಇತ್ತು ಕಣ್ರಪ್ಪ.

ವೀರಗಲ್ಲುಗಳ ವಿಷಯದಲ್ಲಿ ಅವಸರದ ತೀರ್ಪು ಕೊಡಬಾರದು. ತುರುಗಳನ್ನು ಬಿಡಿಸಲು ಹೋಗಿ ಸತ್ತ ಸಾಮಾನ್ಯನಿಗೂ ಕಲ್ಲು ನಿಂತಿದೆ, ಅವನ ಮನೆಯವರಿಗೆ ನೆತ್ತರುಗೊಡಗೆಯೆಂದು ಹೊಲ ಬಿಟ್ಟದ್ದಿದೆ. ಆ ಹೊಲ ನಿಜವಾದ ನೆನಪು, ಉಣ್ಣುವ ನೆನಪು. ಆದರೆ ಕಲ್ಲಿನ ಶಿಲ್ಪ ನೋಡಿ. ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಶಿವನ ಸನ್ನಿಧಿ. ಅತ್ತ ತಾಯಿಗೆ ಒಂದು ಮೂಲೆಯೂ ಇಲ್ಲ. ಸಾವನ್ನು ಬೇಗ ಬೇಗ ಮೇಲಕ್ಕೆ ಸಾಗಿಸಿಬಿಡುವ ಆತುರ ಅದು. ನಮ್ಮ ಹುಡುಗನ ಪದ್ಯದಲ್ಲಿ ಅಪ್ಸರೆಯರ ಜಾಗಕ್ಕೆ ಬಾವುಟ ಬಂದಿದೆ, ಅಷ್ಟೇ ವ್ಯತ್ಯಾಸ.

ಇನ್ನು ಗುಡಿಗೆರೆ. ಅದೇ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ ಹತ್ತನೆಯ ಶತಮಾನದಲ್ಲಿ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ನಾಯಿಯ ಮೇಲೆ ನನಗೇನೂ ಸಿಟ್ಟಿಲ್ಲ, ಒಳ್ಳೆಯ ನಾಯಿಯೇ ಇರಬೇಕು. ಅದಾಗಿ ಸಾವಿರ ವರ್ಷ ದಾಟಿದ ಮೇಲೆ ಬಟ್ಟೆ ಒಗೆದು ಇಸ್ತ್ರಿ ಮಾಡಿ ಬದುಕುತ್ತಿದ್ದ ಮನೆಯ ಮಗ ಪೆಟ್ಟಿಗೆಯಲ್ಲಿ ಬಂದಾಗ, ಸುಡುವುದಕ್ಕೆ ಅವರದೆನ್ನುವ ನೆಲವಿರಲಿಲ್ಲ. ಸರ್ಕಾರಿ ಜಾಗ ಗೊತ್ತುಮಾಡಬೇಕಾಯಿತು. ಅರ್ಧ ಎಕರೆ ಕೊಡುತ್ತೇನೆಂದು ಸುಮಲತಾ ಅಂಬರೀಶ್ ಮುಂದೆ ಬಂದರು. ಕೊಡುವ ಕೈಯನ್ನು ಹಳಿಯುತ್ತಿಲ್ಲ. ದೇಶ ಕಾಯಲು ಹೋದವನಿಗೆ ದೇಶದೊಳಗೆ ಆರಡಿ ತನ್ನದೆನ್ನುವುದು ಯಾಕಿರಲಿಲ್ಲ ಅನ್ನೋದು ಪ್ರಶ್ನೆ. ಜನ ಸೇರಿ ಜೈಕಾರ ಹಾಕಿದ ಆ ದಿನ ಇದನ್ನು ಕೇಳಿದವರು ಕಡಿಮೆ. ಕೇಳಿದರೆ ದೇಶದ್ರೋಹಿ ಅನ್ನಿಸಿಕೊಳ್ಳುವ ಭಯ ಬೇರೆ.

ಪದ್ಯ ಅಲ್ಲಿಂದ ಶುರುವಾಗಬೇಕಿತ್ತು. ಊರಿನ ಮೈಲಿಗೆ ತೊಳೆದ ಕೈಗಳಿಂದ, ಇಸ್ತ್ರಿಪೆಟ್ಟಿಗೆಯ ಕೆಂಡದಿಂದ, ಆ ಅರ್ಧ ಎಕರೆಯಿಂದ. ನಮ್ಮ ಕೇರಿಗಳಿಂದ ಪಟ್ಟಾಳಕ್ಕೆ ಹೋಗುವ ಹುಡುಗರು ಯಾಕೆ ಹೋಗುತ್ತಾರೆ ಅಂತ ಈ ಹುಡುಗನಿಗೆ ಗೊತ್ತು. ಅವನ ಮನೆಯಲ್ಲೇ ಒಬ್ಬ ಬೆಳಗಿನ ಜಾವ ರಸ್ತೆಯಲ್ಲಿ ಓಡಿ ದೈಹಿಕ ಪರೀಕ್ಷೆಗೆ ತಯಾರಾಗುತ್ತಿದ್ದಾನೆ. ಸಂಬಳ ಬಂದರೆ ತಂಗಿಯ ಮದುವೆ, ಮನೆಯ ಸೂರು. ಅದನ್ನು ಬರೆದರೆ ವೀರನ ಘನತೆ ಕಡಿಮೆಯಾಗುತ್ತದೆ ಅಂತ ಅವನಿಗೆ ಯಾರು ಹೇಳಿಕೊಟ್ಟರು? ನಾವೇ ಹೇಳಿಕೊಟ್ಟಿದ್ದು, ಹಲ್ಮಿಡಿ ಪಾಠ ಮಾಡಿದ ಮೇಷ್ಟ್ರುಗಳು.

ಪದ್ಯವನ್ನು ವಾಪಸ್ಸು ಕೊಟ್ಟಿದ್ದೇನೆ. ಹುಡುಗ ಮುಖ ಊದಿಸಿಕೊಂಡು ಹೋದ. ಮೂರು ದಿನ ಬಿಟ್ಟು ಬಂದು, ‘ಸಾರ್, ಇದರಲ್ಲಿ ನಮ್ಮಣ್ಣ ಓಡೋದನ್ನ ಹಾಕಬಹುದಾ?’ ಅಂದ.