ಬೊಂಬೆ ಓಡಿದರೆ ಲೆಕ್ಕ ಸರಿಯಾದೀತೆ?

ತ್ಯಾಗರಾಜನಗರದ ನಮ್ಮ ಬೀದಿಯ ದರ್ಶಿನಿಯಲ್ಲಿ ಬೆಳಗ್ಗೆ ಏಳೂವರೆಗೆ ಎರಡು ಸಾಲು ಇರುತ್ತವೆ. ಬಿಲ್ ಮಾಡಿಸುವವರದು ಒಂದು, ಚೀಟಿ ಹಿಡಿದು ಕಾಫಿ ಕಿಂಡಿಯ ಮುಂದೆ ನಿಂತವರದು ಇನ್ನೊಂದು. ಮೊದಲನೆಯದು ಸರಸರ ಕರಗುತ್ತದೆ. ಎರಡನೆಯದು ಕೆಲವು ದಿನ ಫುಟ್‌ಪಾತಿನವರೆಗೂ ಬೆಳೆಯುತ್ತದೆ. ಕಿಂಡಿಯೊಳಗೆ ಇರುವವರು ಒಬ್ಬರೇ. ಲೋಟಕ್ಕೆ ಸಕ್ಕರೆ, ಅದರ ಮೇಲೆ ಡಿಕಾಕ್ಷನ್, ಆಮೇಲೆ ನೊರೆ ಏಳುವ ಹಾಗೆ ಎತ್ತರದಿಂದ ಹಾಲು. ಇನ್ನೊಬ್ಬರನ್ನು ಇಟ್ಟುಕೊಂಡರೆ ಸಾಲು ಎಷ್ಟು ಇಳಿದೀತು ಎಂಬುದು ಮಾಲೀಕರ ಪ್ರಶ್ನೆ. ಅದನ್ನೇ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡಿಕೊಂಡು ಇಬ್ಬರು ಇಂಜಿನಿಯರಿಂಗ್ ವಿದ್ಯಾರ್ಥಿಗಳು ನನ್ನ ಹತ್ತಿರ ಬಂದರು.

ಇಂಥ ಪ್ರಶ್ನೆಗೆಂದೇ ಇರುವ ವಿದ್ಯೆ ಡಿಸ್ಕ್ರೀಟ್ ಇವೆಂಟ್ ಸಿಮ್ಯುಲೇಶನ್. ಇಲ್ಲಿ ಗಡಿಯಾರ ಟಿಕ್ ಟಿಕ್ ಎಂದು ನಡೆಯುವುದಿಲ್ಲ, ಒಂದು ಘಟನೆಯಿಂದ ಮುಂದಿನ ಘಟನೆಗೆ ಜಿಗಿಯುತ್ತದೆ. ಗಿರಾಕಿ ಬಂದರು, ಕಾಫಿ ಮುಗಿಯಿತು, ಡಿಕಾಕ್ಷನ್ ತೀರಿತು, ಘಟನೆಗಳೆಂದರೆ ಇವೇ. ವಿಟಿಯುವಿನಲ್ಲಿ ಎಂಟನೇ ಸೆಮಿಸ್ಟರಿನ ಐಚ್ಛಿಕ ವಿಷಯವಾಗಿ ಇದನ್ನು ಓದಿದವರಿಗೆ ಜೆರ್ರಿ ಬ್ಯಾಂಕ್ಸ್ ಮತ್ತು ಸಂಗಡಿಗರ ಪಠ್ಯದ ಏಬಲ್ ಮತ್ತು ಬೇಕರ್ ನೆನಪಿರಬಹುದು. ಇಬ್ಬರು ಕೆಲಸಗಾರರ ಮುಂದೆ ಬಂದವರನ್ನೆಲ್ಲ ಪೆನ್ನು ಹಿಡಿದು ಕೋಷ್ಟಕದಲ್ಲಿ ಒಬ್ಬೊಬ್ಬರನ್ನಾಗಿ ಇಳಿಸುತ್ತಿದ್ದ ಲೆಕ್ಕ ಅದು. ಆ ಕೋಷ್ಟಕವನ್ನು ಸಾವಿರಾರು ಸಲ ತುಂಬಲು ಕಂಪ್ಯೂಟರ್ ಬೇಕು, ಅದಕ್ಕೆ ತಂತ್ರಾಂಶ ಬೇಕು. ಯಾವುದು?

ಹುಡುಗರಿಗೆ ಸಿಕ್ಕಿದ್ದು ಎಲ್ಲರಿಗೂ ಸಿಗುವ ಸಲಹೆ. ಮೂರು ಆಯಾಮದ ಚಿತ್ರ ಬರುವ ದೊಡ್ಡ ಕಂಪನಿಯ ಪ್ಯಾಕೇಜ್ ತಗೊಳ್ಳಿ, ವಿದ್ಯಾರ್ಥಿ ಆವೃತ್ತಿ ಪುಕ್ಕಟೆ. ಮೂಲ ಕೋಡ್ ತೆರೆದಿಟ್ಟ ಸ್ವತಂತ್ರ ತಂತ್ರಾಂಶ ಕಲಿಯೋಕಷ್ಟೇ, ನಿಜವಾದ ಕೆಲಸಕ್ಕೆ ದುಡ್ಡಿನದೇ ಬೇಕು. ಈ ಮಾತನ್ನು ಮೇಷ್ಟ್ರುಗಳ ಬಾಯಲ್ಲೂ ಕೇಳಿದ್ದೇನೆ, ಕಂಪನಿಯವರ ಬಾಯಲ್ಲೂ ಕೇಳಿದ್ದೇನೆ. ಇದು ತಪ್ಪು ಸಲಹೆ.

ಅವರ ಲ್ಯಾಪ್‌ಟಾಪಿನಲ್ಲಿ ದರ್ಶಿನಿ ಎದ್ದು ನಿಂತಿತ್ತು. ಗೋಡೆ, ಕೌಂಟರು, ಚೀಟಿ ಹಿಡಿದು ನಡೆಯುವ ಪುಟ್ಟ ಬೊಂಬೆಗಳು. “ನೋಡಿ ಸರ್, ಎಷ್ಟು ಚೆನ್ನಾಗಿ ಓಡ್ತಿದೆ!” ನೋಡಿದೆ. ಕಾಫಿ ಕಿಂಡಿಯ ಮುಂದೆ ಒಂದು ಬೊಂಬೆಯೂ ಕಾಯುತ್ತಿರಲಿಲ್ಲ. ಗಂಟೆಗೆ 100 ಜನ ಅಂತ 36 ಸೆಕೆಂಡಿಗೊಬ್ಬರು ಬರುವ ಹಾಗೆ, ಒಂದು ಕಾಫಿಗೆ 30 ಸೆಕೆಂಡು ಹಿಡಿಯುವ ಹಾಗೆ ಇಟ್ಟಿದ್ದರು. ಎರಡೂ ಒಂದಿಷ್ಟೂ ಏರುಪೇರಿಲ್ಲದ ಸಂಖ್ಯೆಗಳು. ಆ ಲೋಕದಲ್ಲಿ ಸಾಲು ಹುಟ್ಟಲು ಸಾಧ್ಯವೇ ಇಲ್ಲ. ನಮ್ಮ ಬೀದಿಯ ಜನ ಹಾಗೆ ಬರುವುದಿಲ್ಲ. ವಾಕಿಂಗ್ ಮುಗಿಸಿದ ಐದು ಜನ ಒಟ್ಟಿಗೇ ಬರುತ್ತಾರೆ, ಆಮೇಲೆ ಎರಡು ನಿಮಿಷ ಯಾರೂ ಇಲ್ಲ.

ಬರುವ ಅಂತರವೂ ಕಾಫಿಗೆ ಹಿಡಿಯುವ ಹೊತ್ತೂ ಘಾತೀಯ (ಎಕ್ಸ್‌ಪೊನೆನ್ಷಿಯಲ್) ಹಂಚಿಕೆಯಲ್ಲಿ ಏರಿಳಿಯುತ್ತವೆ ಎಂದಿಟ್ಟುಕೊಂಡರೆ ಉತ್ತರಕ್ಕೆ ಕಂಪ್ಯೂಟರೂ ಬೇಡ. ಡೆನ್ಮಾರ್ಕಿನ ಎರ್ಲಾಂಗ್ ಟೆಲಿಫೋನ್ ಕರೆಗಳಿಗಾಗಿ 1909ರಿಂದ ಕಟ್ಟಿಕೊಂಡು ಬಂದ ಸರತಿ ಸಾಲಿನ ಗಣಿತ ಸಾಕು. ಗಂಟೆಗೆ 120 ಕಾಫಿ ಕೊಡಬಲ್ಲ ಕಿಂಡಿಗೆ 100 ಜನ ಬಂದರೆ ಒಬ್ಬೊಬ್ಬರೂ ಸರಾಸರಿ ಎರಡೂವರೆ ನಿಮಿಷ ಕಾಯುತ್ತಾರೆ. ಜನ 110 ಆದರೆ? ಐದೂವರೆ ನಿಮಿಷ. ಹತ್ತು ಜನ ಹೆಚ್ಚಿದ್ದಕ್ಕೆ ಕಾಯುವ ಹೊತ್ತು ಎರಡು ಪಟ್ಟು ಮೀರಿತು. ಇನ್ನೂ ಒಂದು ಸಂಗತಿ ನನಗೆ ಬಹಳ ಇಷ್ಟ: ಕಾಫಿಯವರ ಕೈ ಹದವಾಗಿದ್ದು ಪ್ರತಿ ಲೋಟಕ್ಕೂ ಸರಿಯಾಗಿ 30 ಸೆಕೆಂಡೇ ತೆಗೆದುಕೊಂಡರೆ, ವೇಗ ಒಂದಿಷ್ಟೂ ಹೆಚ್ಚದೆ, ಕಾಯುವುದು ಅರ್ಧಕ್ಕೆ ಇಳಿಯುತ್ತದೆ.

ಹಾಗಾಗಿ ತಂತ್ರಾಂಶ ಆರಿಸುವ ಮೊದಲು ಅದರ ಕೈಗೆ ಉತ್ತರ ಗೊತ್ತಿರುವ ಲೆಕ್ಕ ಕೊಡಿ. ಒಂದು ಗಂಟೆ ಓಡಿಸಿದರೆ ಸಾಲದು, ಒಂದು ಗಂಟೆಯ ಉತ್ತರ ಬೇಕಾದ ಹಾಗೆ ಹಾರಾಡುತ್ತದೆ. ಆರಂಭದ ಖಾಲಿ ಅಂಗಡಿಯ ಹೊತ್ತನ್ನು ಬಿಟ್ಟು ಬಹಳ ದೀರ್ಘವಾಗಿ, ಯಾದೃಚ್ಛಿಕ ಸಂಖ್ಯೆಗಳನ್ನು ಶುರುಮಾಡುವ ಬೇರೆ ಬೇರೆ ಬೀಜಸಂಖ್ಯೆಗಳಿಂದ ಓಡಿಸಿದಾಗ ಎರಡೂವರೆ ನಿಮಿಷದ ಸುತ್ತ ಬಂದು ನಿಲ್ಲಬೇಕು. ನಿಲ್ಲದಿದ್ದರೆ ತಪ್ಪು ಎಲ್ಲಿದೆ ಎಂದು ತೆರೆದು ನೋಡಲು ಬರಬೇಕು.

ತೆರೆದು ನೋಡುವುದೆಂದರೆ ಏನು? ಒಂದು ಉದಾಹರಣೆ. ಒಬ್ಬರ ಕಾಫಿ ಮುಗಿಯುವ ಕ್ಷಣ, ಡಿಕಾಕ್ಷನ್ ತೀರುವ ಕ್ಷಣ ಎರಡೂ ಒಂದೇ ಆದರೆ ಯಾವುದು ಮೊದಲು? ಕಾಫಿ ಮುಗಿದದ್ದು ಮೊದಲಾದರೆ ಮುಂದಿನವರ ಕೈಗೆ ಲೋಟ ಬಂತು. ಡಿಕಾಕ್ಷನ್ ತೀರಿದ್ದು ಮೊದಲಾದರೆ ಹೊಸ ಫಿಲ್ಟರು ಇಳಿಯುವವರೆಗೆ ಇಡೀ ಸಾಲು ನಿಂತಿತು. ಸಮಯವನ್ನು ಇಡೀ ಸೆಕೆಂಡುಗಳಲ್ಲಿ ಇಟ್ಟಾಗ ಇಂಥ ತಾಕಲಾಟ ಮತ್ತೆ ಮತ್ತೆ ಬರುತ್ತದೆ. ಸಿಮ್‌ಪೈ ಎಂಬ ಪೈಥಾನ್ ಗ್ರಂಥಾಲಯದಲ್ಲಿ ಇದಕ್ಕೆ ಉತ್ತರ ಕಣ್ಣೆದುರೇ ಇದೆ: ಮೊದಲು ಸಮಯ, ಆಮೇಲೆ ಆದ್ಯತೆ, ಅದೂ ಒಂದೇ ಆದರೆ ಯಾವ ಘಟನೆ ಮೊದಲು ಪಟ್ಟಿಗೆ ಸೇರಿತೋ ಅದು. ಪೈಥಾನ್ ಬಲ್ಲವರು ಆ ಭಾಗವನ್ನು ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು. ಮುಚ್ಚಿದ ಪ್ಯಾಕೇಜಿನಲ್ಲಿ ಕೈಪಿಡಿ ಹೇಳಿದಷ್ಟನ್ನೇ ನಂಬಬೇಕು.

ಪುಕ್ಕಟೆ ಬೇರೆ, ಸ್ವತಂತ್ರ ಬೇರೆ. ಹುಡುಗರು ಸಂಖ್ಯೆಗಳನ್ನು ಸರಿಪಡಿಸಿ, ಬಿಲ್ ಸಾಲು, ದೋಸೆ ಕಿಂಡಿ, ನಿಂತು ತಿನ್ನುವವರು ಎಲ್ಲವನ್ನೂ ಸೇರಿಸಿ ಬೆಳಗಿನ ನೂಕುನುಗ್ಗಲು ಓಡಿಸಿದಾಗ ಪ್ಯಾಕೇಜು ಅರ್ಧಕ್ಕೇ ನಿಂತಿತು. ವಿದ್ಯಾರ್ಥಿ ಆವೃತ್ತಿಯಲ್ಲಿ ಒಂದೇ ಹೊತ್ತಿಗೆ ಒಳಗಿರುವವರ ಸಂಖ್ಯೆಗೆ ಮಿತಿಯಿತ್ತಂತೆ. ಸಾಲು ಉದ್ದವಾದಾಗಲೇ ಸಾಲನ್ನು ಅಳೆಯಲಾಗದ ಉಪಕರಣ. ಪ್ರಾಜೆಕ್ಟ್ ಒಪ್ಪಿಸಲು ಮೂರು ವಾರ ಉಳಿದಿತ್ತು, ಆ ಮಕ್ಕಳ ಮುಖ ನೋಡಿ ನನಗೆ ಸಂಕಟವಾಯಿತು. ದುಡ್ಡು ಕೇಳದ್ದೆಲ್ಲ ಒಂದೇ ಅಲ್ಲವೆಂದು ಪರವಾನಗಿ ಓದಿದವರಿಗೆ ಗೊತ್ತು. ನೆಟ್‌ವರ್ಕ್ ಅಧ್ಯಯನಕ್ಕೆ ಹೆಸರಾದ ಓಮ್ನೆಟ್++ ಅನ್ನೇ ತಗೊಳ್ಳಿ. ಅದರ ಮೂಲ ಕೋಡ್ ಸಿಗುತ್ತದೆ, ಆದರೆ ವ್ಯಾಪಾರಕ್ಕೆ ಬಳಸುವುದಾದರೆ ಓಮ್‌ನೆಸ್ಟ್ ಎಂಬ ಹೆಸರಿನ ಬೇರೆ ಪರವಾನಗಿ ಕೊಳ್ಳಬೇಕು. ಎನ್‌ಎಸ್-3 ಎಂಬ ಅಂಥದೇ ನೆಟ್‌ವರ್ಕ್ ಸಿಮ್ಯುಲೇಟರಿಗೆ ಆ ಕಟ್ಟಿಲ್ಲ, ಅದರದು ಜಿಪಿಎಲ್ ಪರವಾನಗಿ. ಸಿಮ್‌ಪೈಗೆ ಎಂಐಟಿ ಪರವಾನಗಿ.

ಚಿತ್ರವೇ ಬೇಕೆನ್ನುವವರಿಗೆ ಜಾಮ್‌ಸಿಮ್ ಇದೆ. ಎಳೆದು ಜೋಡಿಸುವ ಚೌಕಗಳು, ಮೂರು ಆಯಾಮದ ಆನಿಮೇಷನ್, ಅಪಾಚೆ ಪರವಾನಗಿ. ಮಾದರಿಯನ್ನು ಅದು ಸಾದಾ ಪಠ್ಯದ ಕಡತವಾಗಿ ಉಳಿಸುತ್ತದೆ ಎಂಬುದು ನನ್ನ ಲೆಕ್ಕದಲ್ಲಿ ಆನಿಮೇಷನ್‌ಗಿಂತ ದೊಡ್ಡದು.

ಇನ್ನು ಕೋಡ್ ಬರೆಯುವುದು ಕಷ್ಟ ಎಂಬ ಮಾತು. ಜಾವಾ ತರಗತಿಯಲ್ಲಿ ನಮ್ಮ ಮಕ್ಕಳು ಕಲಿಯುವ ‘ಕ್ಲಾಸ್’, ‘ಆಬ್ಜೆಕ್ಟ್’ ಮೊದಲು ರೂಪುಗೊಂಡದ್ದೇ ಸಿಮ್ಯುಲೇಶನ್ನಿಗಾಗಿ ಹುಟ್ಟಿದ ಭಾಷೆಯಲ್ಲಿ. ಓಸ್ಲೋದಲ್ಲಿ ದಾಲ್ ಮತ್ತು ನೈಗಾರ್ಡ್ 1960ರ ದಶಕದಲ್ಲಿ ರೂಪಿಸಿದ ಸಿಮುಲಾ ಅದು. ಗಿರಾಕಿ ಒಂದು ಆಬ್ಜೆಕ್ಟ್, ಕಿಂಡಿ ಒಂದು ಆಬ್ಜೆಕ್ಟ್ ಎಂದು ಹೇಳಿಕೊಟ್ಟರೆ ಎರಡೂ ಪಾಠ ಒಟ್ಟಿಗೇ ತಲೆಗೆ ಹತ್ತುತ್ತವೆ. ಕೋಡ್ ಬರೆಯಬಲ್ಲವರು ಎಂಜಿನ್ನನ್ನೇ ಬದಲಿಸಿಕೊಳ್ಳಬಲ್ಲರು. ಮೈಸೂರು ವಿಶ್ವವಿದ್ಯಾಲಯ, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಓದಿದ ರಾಜ್‌ಕುಮಾರ್ ಬುಯ್ಯ ಅವರ ತಂಡ ಕ್ಲೌಡ್ ಕಂಪ್ಯೂಟಿಂಗ್ ಅಧ್ಯಯನಕ್ಕೆಂದು ಮೆಲ್ಬರ್ನಿನಲ್ಲಿ ಕಟ್ಟಿದ ಕ್ಲೌಡ್‌ಸಿಮ್ ಮೊದಲು ಸಿಮ್‌ಜಾವಾ ಎಂಬ ಎಂಜಿನ್ ಮೇಲೆ ನಿಂತಿತ್ತು. ಅದು ಸಾಲದಾದಾಗ ತೆಗೆದುಹಾಕಿ ತಮ್ಮದೇ ಎಂಜಿನ್ ಬರೆದುಕೊಂಡರು.

ಸ್ವತಂತ್ರ ತಂತ್ರಾಂಶವೂ ಕೈಕೊಡುತ್ತದೆ, ಒಪ್ಪುತ್ತೇನೆ. 2013ರಲ್ಲಿ ಸಿಮ್‌ಪೈಯ ಮೂರನೇ ಆವೃತ್ತಿ ಬಂದಾಗ ಬರೆಯುವ ರೀತಿಯೇ ಬದಲಾಗಿ ಹಳೆಯ ಮಾದರಿಗಳು ಅದರಲ್ಲಿ ಓಡಲಿಲ್ಲ. ಸಹಾಯಕ್ಕೆ ಫೋನ್ ಮಾಡಲು ಕಂಪನಿಯೊಂದು ಇಲ್ಲದ್ದೂ ನಿಜ. ಆದರೆ ಹಳೆಯ ಆವೃತ್ತಿಯನ್ನು ಇಳಿಸಿಕೊಂಡು ಹಳೆಯ ಲೆಕ್ಕ ಮಾಡುವುದನ್ನು ಯಾರೂ ತಡೆಯಲಿಲ್ಲ. ಅವಧಿ ಮುಗಿದ ಲೈಸೆನ್ಸಿನ ಕಡತಕ್ಕೆ ಆ ದಾರಿ ಇಲ್ಲ.

ಉಳಿದ ಮೂರು ವಾರದಲ್ಲಿ ಹುಡುಗರು ಸಿಮ್‌ಪೈಯಲ್ಲಿ ಮತ್ತೆ ಬರೆದರು. ಎರಡೂವರೆ ನಿಮಿಷದ ಪರೀಕ್ಷೆ ಪಾಸಾದ ಮೇಲೆ ಲ್ಯಾಪ್‌ಟಾಪನ್ನು ದರ್ಶಿನಿಗೇ ಒಯ್ದೆವು. ಎರಡನೆಯವರನ್ನು ಇಟ್ಟರೆ ಕಾಯುವುದು 6 ಸೆಕೆಂಡಿಗೆ ಇಳಿಯುತ್ತದೆಂದು ತೋರಿಸಿದರು. ಮಾಲೀಕರು ಪರದೆಯನ್ನು ಸ್ವಲ್ಪ ಹೊತ್ತು ನೋಡಿ, “ಮೇಷ್ಟ್ರೆ, ಸಂಬಳ ಕೊಟ್ಟು ಇನ್ನೊಬ್ಬರನ್ನ ಇಡೋದು ನನಗೆ ಕಷ್ಟ. ಬಿಲ್ ಕೌಂಟರಿನವರು ಬಿಡುವಾದಾಗ ಸಕ್ಕರೆ ಹಾಕಿದ ಲೋಟ ಜೋಡಿಸಿಟ್ರೆ? ಒಂದು ಕಾಫಿಗೆ ಐದು ಸೆಕೆಂಡು ಉಳಿಯುತ್ತೆ” ಎಂದರು. ಹುಡುಗ 30 ಅಳಿಸಿ 25 ಬರೆದ. ಉತ್ತರ ಒಂದು ನಿಮಿಷಕ್ಕಿಂತ ಕೆಳಗೆ, 57 ಸೆಕೆಂಡಿನ ಹತ್ತಿರ ಬಂತು. ಮರುದಿನ ಬೆಳಗ್ಗೆ ಹೋದಾಗ ಕಿಂಡಿಯ ಪಕ್ಕದ ತಟ್ಟೆಯಲ್ಲಿ ಇಪ್ಪತ್ತು ಲೋಟ ಸಾಲಾಗಿದ್ದವು, ತಳದಲ್ಲಿ ಸಕ್ಕರೆ.